ಒಂದು ಶಾಫ್ಟ್ ಹೋಯ್ತು, ಮಿನಿವ್ಯಾನ್ ಬಂತು

ಮಿನಿವ್ಯಾನ್ ಅಂದ್ರೆ ದೊಡ್ಡ ವ್ಯಾನನ್ನು ಕುಗ್ಗಿಸಿದ್ದು ಅನ್ಸುತ್ತೆ ಅಲ್ವಾ? ನಿಜ ಹೇಳಬೇಕಂದ್ರೆ ಅದು ಎತ್ತರಿಸಿದ ಕಾರು. ಹೇಗೆ ಅಂತ ನೋಡೋಣ.

1970ರ ದಶಕದ ಅಮೆರಿಕ. ದೊಡ್ಡ ಸಂಸಾರಕ್ಕೆ ಇದ್ದದ್ದು ಮುಖ್ಯವಾಗಿ ಎರಡು ದಾರಿ. ಸ್ಟೇಷನ್ ವ್ಯಾಗನ್‌ನಲ್ಲಿ ಉದ್ದ ಇತ್ತು, ಎತ್ತರ ಇರಲಿಲ್ಲ. ದೊಡ್ಡ ವ್ಯಾನ್‌ನಲ್ಲಿ ಜಾಗ ಇತ್ತು, ಆದರೆ ಮನೆಯ ಗ್ಯಾರೇಜಿಗೆ ಹಿಡಿಸೋದು ಕಷ್ಟ, ಓಡಿಸಿದರೆ ಲಾರಿ ಓಡಿಸಿದ ಹಾಗೆ. ಅದರಲ್ಲಿ ಎಂಜಿನ್ ಮುಂದೆ, ಶಕ್ತಿ ಹೋಗೋದು ಹಿಂದಿನ ಚಕ್ರಕ್ಕೆ. ನಡುವೆ ಪ್ರೊಪೆಲ್ಲರ್ ಶಾಫ್ಟ್ ಹಾದುಹೋಗಬೇಕು, ಹಾಗಾಗಿ ನೆಲ ಮೇಲೇರುತ್ತೆ. ನೆಲ ಏರಿದರೆ ಚಾವಣಿಯೂ ಏರಲೇಬೇಕು.

ಫೋರ್ಡ್‌ನಲ್ಲಿದ್ದ ಹ್ಯಾಲ್ ಸ್ಪರ್ಲಿಕ್ ಅವರ ಪರಿಹಾರ ಸರಳ: ಮುಂದಿನ ಚಕ್ರಗಳಿಗೇ ಶಕ್ತಿ ಕೊಡಿ. ಅಧ್ಯಕ್ಷರಾಗಿದ್ದ ಎರಡನೇ ಹೆನ್ರಿ ಫೋರ್ಡ್ ಒಪ್ಪಲಿಲ್ಲ. ಕೆಲಸ ಕಳೆದುಕೊಂಡ ಸ್ಪರ್ಲಿಕ್ 1977ರಲ್ಲಿ ಕ್ರೈಸ್ಲರ್ ಸೇರಿದರು. 1978ರಲ್ಲಿ ಫೋರ್ಡ್ ಲೀ ಅಯಕೋಕಾ ಅವರನ್ನೂ ತೆಗೆಯಿತು. ಅವರೂ ಅಲ್ಲಿಗೇ ಬಂದರು.

ಆದರೆ ಕ್ರೈಸ್ಲರ್ ಆಗ ದಿವಾಳಿಯ ಅಂಚಿನಲ್ಲಿತ್ತು. ಸರ್ಕಾರ 150 ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಂತ ಮೇಲೇ ಕಂಪನಿ ಉಸಿರಾಡಿದ್ದು. ಎಲ್ಲವನ್ನೂ ಹೊಸದಾಗಿ ಮಾಡೋಕೆ ದುಡ್ಡೆಲ್ಲಿ? 1981ರ ‘ಕೆ-ಕಾರ್’ನಲ್ಲಿದ್ದ ಎಂಜಿನ್, ಗೇರ್‌ಬಾಕ್ಸ್ ವ್ಯವಸ್ಥೆಯನ್ನೇ ಬಳಸಿಕೊಂಡರು. ಎಂಜಿನ್ ಅಡ್ಡಲಾಗಿ, ಗೇರ್‌ಬಾಕ್ಸ್ ಪಕ್ಕದಲ್ಲೇ. ಹಿಂದಕ್ಕೆ ಹೋಗುವ ಶಾಫ್ಟೇ ಬೇಡ. ನೆಲ ತಗ್ಗಾಯ್ತು, ಸಮತಟ್ಟಾಯ್ತು. ಒಳಗೆ ಎತ್ತರ ಸಿಕ್ಕಿತು, ಹೊರಗೆ ಗ್ಯಾರೇಜಿಗೂ ಹಿಡಿಸಿತು.

1983ರ ಕೊನೆಗೆ ಕೆನಡಾದ ವಿಂಡ್ಸರ್ ಕಾರ್ಖಾನೆಯಿಂದ ಡಾಡ್ಜ್ ಕ್ಯಾರವಾನ್, ಪ್ಲಿಮತ್ ವಾಯೇಜರ್ ಹೊರಬಂದವು. ಉದ್ದ ಸುಮಾರು 4.5 ಮೀಟರ್ ಅಷ್ಟೇ. ಜಾರುಬಾಗಿಲು ಒಂದೇ ಕಡೆ. ಎರಡನೆಯದು ಬಂದದ್ದು 1996ರ ಮಾದರಿಯಲ್ಲಿ. ಸರ್ಕಾರ ಜಾಮೀನು ನಿಂತಿದ್ದ ಸಾಲವನ್ನು ಕ್ರೈಸ್ಲರ್ ಅಷ್ಟರಲ್ಲೇ, ಅವಧಿಗೆ ಏಳು ವರ್ಷ ಮೊದಲು, ತೀರಿಸಿತ್ತು. ಅದರಲ್ಲಿ ಕೆ-ಕಾರ್ ಪಾಲು ದೊಡ್ಡದು. ಆಮೇಲೆ ಕಂಪನಿಯನ್ನು ಗಟ್ಟಿಯಾಗಿ ನಿಲ್ಲಿಸಿದ್ದು ಮಿನಿವ್ಯಾನ್. ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಕೊನೆಗೆ ಅದರ ಗಿರಾಕಿಗಳನ್ನು ಎಳೆದುಕೊಂಡದ್ದು ಎಸ್‌ಯುವಿ.

ಇದೇ ಪಾಠ ನಮ್ಮ ಬಿಡದಿಯಲ್ಲೂ ಇದೆ. 2005ರ ಇನ್ನೋವಾಗೆ ಲ್ಯಾಡರ್ ಫ್ರೇಮ್, ಹಿಂಚಕ್ರ ಚಾಲನೆ. 2022ರಲ್ಲಿ ಬಂದ ಹೈಕ್ರಾಸ್‌ಗೆ ಮೊನೊಕಾಕ್, ಮುಂಚಕ್ರ ಚಾಲನೆ. ಎರಡರಲ್ಲೂ ಕೂರೋ ಅವಕಾಶ ಸಿಕ್ಕರೆ ಸೀಟು, ಸ್ಕ್ರೀನ್ ಆಮೇಲೆ ನೋಡಿ ಗೆಳೆಯರೇ. ಮೊದಲು ನೆಲ ನೋಡಿ.