ಮಾರಿದ ಯೆಜ್ಡಿ ಯಾಕೆ ಕಾಡುತ್ತದೆ?

ಮಾದಾಪುರದ ಓದುಗರೇ,

ಹೈಟೆಕ್ ಸಿಟಿ ಸಿಗ್ನಲ್ಲಿನಲ್ಲಿ ಕಾರೊಳಗೆ ಕೂತಾಗಲೂ ಮೊದಲ ಗಾಡಿ ಯೆಜ್ಡಿ ನೆನಪಾಗುತ್ತದೆ, ಇದರ ಒಳಾರ್ಥವೇನು ಎಂದು ಕೇಳಿದ್ದೀರಿ. ಶಕುನವಂತೂ ಅಲ್ಲ, ನಿಶ್ಚಿಂತೆಯಿಂದಿರಿ. ಹದಿಹರೆಯದಿಂದ ಮೂವತ್ತರೊಳಗಿನ ನೆನಪುಗಳೇ ಮುಂದೆ ಗಟ್ಟಿಯಾಗಿ ಉಳಿಯುವುದು ಎಂಬುದು ಮನಶ್ಶಾಸ್ತ್ರಕ್ಕೆ ಗೊತ್ತಿರುವ ವಿಷಯ. ಜೊತೆಗೆ ಯೆಜ್ಡಿ ಮೈಗೇ ಪಾಠ ಕಲಿಸಿದ ಗಾಡಿ: ಗೇರ್ ಲಿವರನ್ನೇ ತಿರುಗಿಸಿ ಕಿಕ್ಕರ್ ಮಾಡಿಕೊಳ್ಳಬೇಕು, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಕಾಲು ಅದನ್ನು ಅಷ್ಟು ಸುಲಭವಾಗಿ ಮರೆಯುವುದಿಲ್ಲ.

ಅದನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು. 2022ರಲ್ಲಿ ಮತ್ತೆ ಬಂದ ಯೆಜ್ಡಿ ಕೊಳ್ಳಲೇ ಎನ್ನುತ್ತೀರಿ. ಸ್ವಲ್ಪ ತಡೆಯಿರಿ. ನಿಮ್ಮ ಪತ್ರದಲ್ಲಿ ಗಾಡಿಗಿಂತ ಹೆಚ್ಚು ಸಲ ಬಂದಿರುವುದು ಹಿಂದಿನ ಸೀಟಿನ ತಮ್ಮ, ಆಸ್ತಿ ಪಾಲಿನ ನಂತರ ಮಾತು ಬಿಟ್ಟವನು. ಶೋರೂಮಿಗೆ ಹೋಗುವ ಮೊದಲು ಅವನಿಗೊಂದು ಫೋನ್ ಮಾಡಿ.