ಇಂದಿನ ಧಮ್ಮ ಚಿಂತನೆ: ‘ಪೇ’ ಎಂಬ ಒಂದಕ್ಷರ




ಕಳೆದ ಭಾನುವಾರ ಹೊಸದಾಗಿ ಸೇರಿದ ತಂಗಿಯೊಬ್ಬರು ಸುತ್ತ ಓದುತ್ತಾ ಮಧ್ಯದಲ್ಲಿ ನಿಂತು ಕೇಳಿದರು: “ಇಲ್ಲಿ ‘...ಪೇ...’ ಅಂತ ಇದೆಯಲ್ಲ, ಇದನ್ನೂ ಓದಬೇಕಾ?” ಎಲ್ಲರೂ ನಕ್ಕೆವು. ನಾನು ಆಗ ಕೊಟ್ಟ ಉತ್ತರ ಅರೆಬರೆಯಾಗಿತ್ತು. ಅದಕ್ಕೇ ಇಂದು ಬರೆಯುತ್ತಿದ್ದೇನೆ.

‘ಪೇ’ ಎಂದರೆ *ಪೇಯ್ಯಾಲ* ಎಂಬ ಪಾಲಿ ಪದದ ಮೊದಲ ಅಕ್ಷರ. ಪೇಯ್ಯಾಲ ಎಂದರೆ ಮರುಕಳಿಸುವ ಪಾಠ. ಹಿಂದೆ ಪೂರ್ತಿಯಾಗಿ ಬಂದ ಮಾತೇ ಇಲ್ಲಿ ಮತ್ತೆ ಬರುತ್ತದೆ, ನೀವೇ ತುಂಬಿಕೊಂಡು ಓದಿ ಎಂಬ ಸೂಚನೆ ಅದು. ನಮ್ಮ ಹಾಡಿನ ಪುಸ್ತಕಗಳಲ್ಲಿ ಪ್ರತಿ ನುಡಿಯ ಕೊನೆಗೆ ಪಲ್ಲವಿಯ ಒಂದು ಪದವನ್ನಷ್ಟೇ ಅಚ್ಚು ಮಾಡಿರುತ್ತಾರಲ್ಲ, ಹಾಗೆ.

ಪದದ ಮೂಲ *ಪರಿಯಾಯ* ಎಂದು ವಿದ್ವಾಂಸರು ಹೇಳುತ್ತಾರೆ. ಸಂಸ್ಕೃತದಲ್ಲಿ ಪರ್ಯಾಯ. ಪರಿ ಎಂದರೆ ಸುತ್ತ. ಅದಕ್ಕೆ ‘ಹೋಗು’ ಎಂಬರ್ಥದ ಧಾತು ಸೇರಿದೆ. ಸುತ್ತಿ ಬರುವುದು, ಸರದಿಯಂತೆ ಬರುವುದು. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಅಷ್ಟಮಠಗಳಿಗೆ ಸರದಿಯಂತೆ ಬರುವ ಪರ್ಯಾಯವೂ ಇದೇ ಪದ. ಪೂರ್ವದ ಮಾಗಧಿಯಲ್ಲಿ ‘ರ’ಕಾರ ‘ಲ’ಕಾರವಾಗುತ್ತಿತ್ತು. ಅಶೋಕನ ಬೈರಾಟ್ ಶಾಸನದಲ್ಲಿ ರಾಜ ‘ಲಾಜಾ’ ಆಗಿದ್ದಾನೆ, ಪರಿಯಾಯ ‘ಪಲಿಯಾಯ’ ಆಗಿದೆ. ಅದೇ ನಾಲಿಗೆಯಲ್ಲಿ ಸವೆದು, ಅಕ್ಷರ ಹಿಂದುಮುಂದಾಗಿ, ಪೇಯ್ಯಾಲ.

ಇಷ್ಟೊಂದು ಪುನರಾವೃತ್ತಿ ಏಕೆ? ಕ್ರಿ.ಪೂ. 1ನೇ ಶತಮಾನದಲ್ಲಿ ಶ್ರೀಲಂಕಾದಲ್ಲಿ ಬರೆದಿಡುವವರೆಗೂ ತಿಪಿಟಕ ಭಿಕ್ಖುಗಳ ಬಾಯಲ್ಲೇ ಉಳಿದಿತ್ತು. ಬಾಯಿಪಾಠಕ್ಕೆ ಮರುಕಳಿಕೆ ಆಸರೆ, ಬರವಣಿಗೆಗೆ ಅದೇ ಹೊರೆ. ಸಂಯುತ್ತ ನಿಕಾಯದಲ್ಲಿ ಗಂಗಾಪೇಯ್ಯಾಲ ಎಂಬ ಭಾಗವೇ ಇದೆ. ಗಂಗೆ ಪೂರ್ವಕ್ಕೆ ವಾಲಿ ಹರಿಯುವಂತೆ ಅಷ್ಟಾಂಗ ಮಾರ್ಗವನ್ನು ಬೆಳೆಸಿಕೊಂಡವನು ನಿಬ್ಬಾಣದ ಕಡೆಗೆ ವಾಲುತ್ತಾನೆ. ಆಮೇಲೆ ಯಮುನೆ, ಅಚಿರವತಿ, ಸರಭೂ, ಮಹೀ. ನದಿಯ ಹೆಸರು ಬದಲಾಗುತ್ತದೆ, ಮಾತು ಅದೇ. ಮೊದಲ ಸಲ ಓದಿದಾಗ ನಾನು ಹಾಳೆ ಮಗುಚಿ ಮುಂದೆ ಹೋಗಿದ್ದೆ. ನದಿ ಒಂದೇ ದಿನದಲ್ಲಿ ವಾಲುವುದಿಲ್ಲ ಎಂಬುದನ್ನು ಆ ಪಾಠದ ನಡೆಯೇ ಹೇಳುತ್ತಿತ್ತು ಅಂತ ಈಗ ಅನ್ನಿಸುತ್ತದೆ.

ಇನ್ನೊಂದು ಜಾಗ ನೋಡಿ. ನಾಲ್ಕು ಬ್ರಹ್ಮವಿಹಾರಗಳ ಪಾಠದಲ್ಲಿ ಮೆತ್ತಾ ಪೂರ್ತಿ ಇರುತ್ತದೆ. ಒಂದು ದಿಕ್ಕು, ಎರಡನೆಯದು, ಮೂರನೆಯದು, ನಾಲ್ಕನೆಯದು, ಮೇಲೆ, ಕೆಳಗೆ, ಅಡ್ಡಡ್ಡ. ಮುಂದೆ ಬರುವುದು ಕರುಣೆ. ಅಲ್ಲಿ ಹೆಸರು ಹೇಳಿ ‘...ಪೇ...’. ಮುದಿತೆಗೂ ‘...ಪೇ...’. ಕಣ್ಣಲ್ಲಿ ಓದುವವನ ಕರುಣೆ ಒಂದು ದಿಕ್ಕಿಗೂ ಹೋಗದೆ ಅಲ್ಲೇ ಮುಗಿದಿರುತ್ತದೆ!

ನನ್ನ ತಾಯಿಗೆ ಮರೆವಿನ ಕಾಯಿಲೆ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ರಾತ್ರಿಯಾದರೆ ಒಂದೇ ಪ್ರಶ್ನೆ: “ಗೇಟ್ ಹಾಕಿದ್ಯಾ ಮಗಾ?” ಮೊದಲ ಸಲ, “ಹಾಕಿದೀನಮ್ಮ, ಬೀಗಾನೂ ಹಾಕಿದೀನಿ, ನೀನು ಮಲಕ್ಕೋ” ಅನ್ನುತ್ತೇನೆ. ಮೂರನೆಯ ಸಲಕ್ಕೆ, “ಆಗ್ಲೇ ಹೇಳಿದ್ನಲ್ಲಾ.” ಐದನೆಯ ಸಲಕ್ಕೆ ಬರೀ “ಹ್ಞೂಂ”, ಅದೂ ಫೋನಿನಿಂದ ತಲೆ ಎತ್ತದೆ. ಅವರಿಗಾದರೋ ಪ್ರತಿ ಸಲವೂ ಅದು ಮೊದಲನೆಯ ಸಲ. ಅದೇ ಭಯ, ಅಷ್ಟೇ ಭಯ. ಆ ತಂಗಿಯ ಪ್ರಶ್ನೆ ಕೇಳಿದ ರಾತ್ರಿ, ಆ “ಹ್ಞೂಂ” ನನ್ನ ‘ಪೇ’ ಎಂದು ಹೊಳೆಯಿತು. ಆ ದಿನ ಏಳು ಸಲ ಪೂರ್ತಿ ಉತ್ತರ ಹೇಳಿದೆ, ಬೀಗದ ಸಮೇತ. ಮರುದಿನ ನಾಲ್ಕಕ್ಕೇ ಸೋತೆ, ಅದೂ ನಿಜ.

ಇನ್ನು ತಂಗಿಯ ಪ್ರಶ್ನೆಗೆ ಉತ್ತರ: ‘ಪೇ’ ಎಂದು ಓದಬೇಕಾಗಿಲ್ಲ, ಅದು ಬಿಟ್ಟಿರುವುದನ್ನು ಓದಬೇಕು. ಈ ಭಾನುವಾರ ಬ್ರಹ್ಮವಿಹಾರದ ಪಾಠವನ್ನು ನಾಲ್ಕೂ ಸುತ್ತು ಪೂರ್ತಿಯಾಗಿ, ಗಟ್ಟಿಯಾಗಿ ಓದೋಣ. ಹೊತ್ತು ಹಿಡಿಯುತ್ತದೆ, ಅರ್ಧ ಗಂಟೆ ಮೊದಲೇ ಬನ್ನಿ. ಚಹಾ ಆಮೇಲೆ.

ಸಾಧು ಸಾಧು ಸಾಧು 🙏