ಬೆಂಗಳೂರಿಗೆ ಹೋಗಿಬರುವುದು: ಬಸ್ಸೋ, ರೈಲೋ, ವಿಮಾನವೋ?

ಸಂಘದ ಕಚೇರಿಗೆ ಅಡಿಕೆಯ ಹಣ ಪಡೆಯಲೋ, ಮೈಲುತುತ್ತ ಒಯ್ಯಲೋ ಬರುವ ಸದಸ್ಯರು ವ್ಯವಹಾರ ಮುಗಿದ ಮೇಲೆ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: “ಬೆಂಗಳೂರಿಗೆ ಹೋಗಬೇಕಾಗಿದೆ, ಯಾವುದರಲ್ಲಿ ಹೋದರೆ ಒಳ್ಳೆಯದು?” ಆಸ್ಪತ್ರೆ, ಕೋರ್ಟು, ಮಕ್ಕಳ ಕಾಲೇಜು, ಕಾಫಿ ಮಂಡಳಿಯ ಕೆಲಸ – ಕಾರಣ ಏನೇ ಇರಲಿ, ರಾಜಧಾನಿಗೆ ವರ್ಷಕ್ಕೆ ಒಂದೆರಡು ಬಾರಿ ಹೋಗದ ಮನೆ ನಮ್ಮಲ್ಲಿ ಅಪರೂಪ. ಬೆಂಗಳೂರು–ಮಂಗಳೂರು ನಡುವೆ ರಸ್ತೆಯ ದೂರ ಸುಮಾರು 350 ಕಿಲೋಮೀಟರ್. ಬಸ್ಸು, ರೈಲು, ವಿಮಾನ ಮೂರೂ ಇವೆ. ಇವುಗಳಲ್ಲಿ ಯಾವುದು ವೇಗದ್ದು ಎಂಬುದು ಎಲ್ಲರಿಗೂ ಗೊತ್ತು. ಆದರೆ ವೇಗವೊಂದನ್ನೇ ನೋಡಿ ಆರಿಸಿದವರು ಮಳೆಗಾಲದಲ್ಲಿ ಹೇಗೆ ಮೋಸ ಹೋಗುತ್ತಾರೆ ಎಂಬುದನ್ನು ನಾವು ಸ್ವತಃ ಅನುಭವಿಸಿದ್ದೇವೆ. ಅದನ್ನೇ ಮೊದಲು ಹೇಳುತ್ತೇವೆ.

2018ರ ಜೂನ್ ತಿಂಗಳು. ನಮ್ಮ ತಾಯಿಯವರ ಕಣ್ಣಿನ ಶಸ್ತ್ರಚಿಕಿತ್ಸೆಗೆ ಬೆಂಗಳೂರಿನಲ್ಲಿ ದಿನ ಗೊತ್ತಾಗಿತ್ತು. ಆ ವರ್ಷ ಶಿರಾಡಿ ಘಾಟಿಯನ್ನು ಕಾಂಕ್ರೀಟು ಹಾಕುವ ಸಲುವಾಗಿ ಜನವರಿಯಿಂದಲೇ ಮುಚ್ಚಿದ್ದರು. ಹಾಗಾಗಿ ರಾತ್ರಿ ಬಸ್ಸು ಉಜಿರೆಯ ಮೇಲಿಂದ ಚಾರ್ಮಾಡಿ ಹತ್ತಿತು. ಅರ್ಧ ಘಾಟಿ ಹತ್ತುವಷ್ಟರಲ್ಲಿ ಮುಂದೆ ಗುಡ್ಡ ಜರಿದು ಮರಗಳು ರಸ್ತೆಗೆ ಬಿದ್ದವು. ಹಿಂದೆಯೂ ಅದೇ ಕಥೆ. ಮುಂದೆ ಹೋಗುವಂತಿಲ್ಲ, ತಿರುಗಿಸಲು ಜಾಗವಿಲ್ಲ. ರಾತ್ರಿಯಿಡೀ ಬಸ್ಸಿನಲ್ಲೇ ಕುಳಿತೆವು. ಅನ್ನ ನೀರು ಇಲ್ಲದ್ದನ್ನು ಹೇಗೋ ಸಹಿಸಬಹುದು. ತಾಯಿಯವರಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಇದ್ದ ಚೀಲವನ್ನು ನಾವು ಬುದ್ಧಿವಂತರಂತೆ ಬಸ್ಸಿನ ಡಿಕ್ಕಿಯಲ್ಲಿ ಹಾಕಿದ್ದೆವು, ಅದರ ಮೇಲೆ ಬೇರೆಯವರ ತೆಂಗಿನಕಾಯಿ ಮೂಟೆಗಳು. ಕಗ್ಗತ್ತಲೆಯಲ್ಲಿ, ಸುರಿಯುವ ಮಳೆಯಲ್ಲಿ ಆ ಮೂಟೆಗಳನ್ನು ಇಳಿಸಿ ಚೀಲ ಹುಡುಕಿದ್ದು ಇಂದಿಗೂ ಮರೆತಿಲ್ಲ. ಶಸ್ತ್ರಚಿಕಿತ್ಸೆಯ ದಿನ ತಪ್ಪಿತು. ಮತ್ತೆ ದಿನ ಸಿಕ್ಕಿದ್ದು ಆರು ವಾರಗಳ ನಂತರ, ಅಂದರೆ ಆಗಸ್ಟ್ ಮಧ್ಯದಲ್ಲಿ. ಆಗ ಏನಾಯಿತೆಂಬುದು ಓದುಗರಲ್ಲಿ ಬಹುಮಂದಿಗೆ ನೆನಪಿರಬಹುದು. ಕಾಂಕ್ರೀಟು ಮುಗಿದು ತೆರೆದಿದ್ದ ಶಿರಾಡಿಯಲ್ಲಿ ಗುಡ್ಡ ಕುಸಿಯಿತು, ಜೋಡುಪಾಲದ ದುರಂತದಿಂದ ಸಂಪಾಜೆ ರಸ್ತೆ ಮುಚ್ಚಿತು, ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ರೈಲುಹಾದಿಯ ಮೇಲೆ ಹತ್ತಾರು ಕಡೆ ಮಣ್ಣು ಬಿದ್ದು ರೈಲುಗಳು ನಿಂತವು. “ರಸ್ತೆ ಕೆಟ್ಟರೆ ರೈಲಿದೆಯಲ್ಲ” ಎಂದುಕೊಂಡಿದ್ದ ನಮಗೆ ಅದೂ ಇಲ್ಲವಾಯಿತು.

ಇದರಿಂದ ತಿಳಿಯಬೇಕಾದ ವಿಷಯ ಒಂದಿದೆ. ಶಿರಾಡಿಯ ಹೆದ್ದಾರಿ, ರೈಲುಹಾದಿ ಎರಡೂ ಒಂದೇ ಬೆಟ್ಟಸಾಲಿನ ಮಗ್ಗುಲಲ್ಲಿ ಇಳಿಯುತ್ತವೆ. ಅಲ್ಲಿ ಸುರಿಯುವ ಮಳೆ ಒಂದೇ, ನೆನೆದು ಸಡಿಲಾಗುವ ಮಣ್ಣೂ ಒಂದೇ ಬಗೆಯದು. ಆದುದರಿಂದ ಒಂದು ನಿಂತ ದಿನ ಇನ್ನೊಂದು ನಡೆದೀತೆಂಬ ಭರವಸೆಗೆ ಆಧಾರವಿಲ್ಲ. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ರೈಲು ನಿಂತಾಗ, ಅದೇ ದಿನಗಳಲ್ಲಿ ದೊಡ್ಡತಪ್ಪಲೆಯಲ್ಲಿ ಹೆದ್ದಾರಿಗೂ ಗುಡ್ಡ ಬಿತ್ತು. ಪರ್ಯಾಯ ದಾರಿಯೆಂದರೆ ಬೇರೆ ವಾಹನ ಎಂದಲ್ಲ, ಬೇರೆ ಬೆಟ್ಟದ ದಾರಿ ಎಂದು ಅರ್ಥಮಾಡಿಕೊಳ್ಳತಕ್ಕದ್ದು. ಶಿರಾಡಿಗೆ ಪರ್ಯಾಯವೆಂದರೆ ಒಂದೋ ಸುಳ್ಯ, ಸಂಪಾಜೆ, ಮಡಿಕೇರಿ, ಮೈಸೂರು ದಾರಿ. ಇಲ್ಲವೇ ಉಜಿರೆ, ಚಾರ್ಮಾಡಿ, ಕೊಟ್ಟಿಗೆಹಾರ, ಮೂಡಿಗೆರೆ, ಬೇಲೂರು, ಹಾಸನ ದಾರಿ. ಬಿಸಿಲೆ ದಾರಿ ಹತ್ತಿರದ್ದಾದರೂ ಕಿರಿದು, ಕಾಡಿನ ನಡುವಿನದು. ರಾತ್ರಿ ಮಳೆಯಲ್ಲಿ ಅದನ್ನು ನಂಬುವುದು ತರವಲ್ಲ. 2018ರಂತೆ ಎಲ್ಲ ಕಡೆಯೂ ಒಟ್ಟಿಗೆ ಕೆಡುವ ವರ್ಷಗಳೂ ಉಂಟು. ಅಂಥ ವಾರ ಪ್ರಯಾಣ ಮುಂದೂಡುವುದು, ತೀರಾ ತುರ್ತಾದರೆ ವಿಮಾನ – ಎರಡೇ ದಾರಿ.

ಮಳೆಗಾಲದಲ್ಲಿ ಪ್ರಯಾಣವೇ ಬೇಡ ಎನ್ನಲು ನಮಗೆ ಮನಸ್ಸಿಲ್ಲ, ಏಕೆಂದರೆ ಬೆಳೆಗಾರನಿಗೆ ಬಿಡುವು ಸಿಗುವುದೇ ಆಗ. ನವೆಂಬರಿನಿಂದ ಮಾರ್ಚಿಯವರೆಗೆ ಅಡಿಕೆ ಕೊಯಿಲು, ಕಾಫಿ ಕೊಯಿಲು, ಅಂಗಳದ ಕೆಲಸ. ಕೊಳೆರೋಗಕ್ಕೆ ಮೊದಲ ಬೋರ್ಡೋ ಸಿಂಪಡಣೆ ಮುಗಿಸಿ ಎರಡನೆಯದಕ್ಕೆ ಇರುವ ನಲವತ್ತು ನಲವತ್ತೈದು ದಿನಗಳ ಅಂತರದಲ್ಲಿ ಬಾಕಿ ಉಳಿದ ಊರಾಚೆಯ ಕೆಲಸಗಳೆಲ್ಲ ನೆನಪಾಗುತ್ತವೆ. ಘಟ್ಟದ ಗುಡ್ಡಗಳು ಜರಿಯುವುದೂ ಸರಿಯಾಗಿ ಅದೇ ಅಂತರದಲ್ಲಿ! ಆದುದರಿಂದ ಜೂನ್‌ನಿಂದ ಸೆಪ್ಟೆಂಬರವರೆಗೆ, ತಪ್ಪಿಸಲಾಗದ ದಿನಾಂಕವಿರುವ ಕೆಲಸಕ್ಕೆ ಒಂದು ದಿನ ಮುಂಚೆ ಹೊರಡುವುದು, ಅದೂ ಹಗಲಿನಲ್ಲಿ ಘಾಟಿ ದಾಟುವುದು ಲೇಸು. ಬೆಂಗಳೂರಿನಲ್ಲಿ ಒಂದು ರಾತ್ರಿಯ ವಸತಿಯ ಖರ್ಚು ದಂಡವೆನಿಸಬಹುದು. ತಪ್ಪಿಹೋದ ಶಸ್ತ್ರಚಿಕಿತ್ಸೆಯ ದಿನಾಂಕಕ್ಕೆ ಹೋಲಿಸಿದರೆ ಅದು ದೊಡ್ಡದಲ್ಲ. ಘಾಟಿ ಮುಚ್ಚುವ ಆದೇಶವನ್ನು ಜಿಲ್ಲಾಧಿಕಾರಿಗಳು ಹೊರಡಿಸುತ್ತಾರೆ. ಕೆಲವೊಮ್ಮೆ ಭಾರಿ ವಾಹನಗಳಿಗಷ್ಟೇ ನಿಷೇಧವಿದ್ದು ಕಾರು ಜೀಪುಗಳಿಗೆ ಬಿಡುತ್ತಾರೆ, ಆದುದರಿಂದ ಆದೇಶ ಯಾವ ವಾಹನಕ್ಕೆ ಎಂಬುದನ್ನು ಕೇಳಿಕೊಳ್ಳಬೇಕು.

ಇನ್ನು ಒಂದೊಂದು ವಾಹನದ ವಿಚಾರ.

ಬಸ್ಸಿನ ದೊಡ್ಡ ಗುಣವೆಂದರೆ ಅದು ನಮ್ಮ ಬಾಗಿಲಿಗೆ ಹತ್ತಿರ ಬರುತ್ತದೆ. ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ, ಸಕಲೇಶಪುರ – ಎಲ್ಲಿ ಬೇಕೋ ಅಲ್ಲಿ ಹತ್ತಬಹುದು. ದಾರಿ ಚೆನ್ನಾಗಿದ್ದರೆ ಮಂಗಳೂರಿನಿಂದ ಏಳೆಂಟು ಗಂಟೆ. ರಾಜ್ಯದ ನಿವಾಸಿಗಳಾದ ಹೆಂಗಸರಿಗೆ 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಂತೆ ಸಾಮಾನ್ಯ ಹಾಗೂ ವೇಗದೂತ ಸಾರಿಗೆಗಳಲ್ಲಿ ಟಿಕೇಟಿನ ಹಣವಿಲ್ಲ. ರಾಜಹಂಸ, ಸ್ಲೀಪರ್, ಹವಾನಿಯಂತ್ರಿತ ಬಸ್ಸುಗಳಿಗೆ ಇದು ಅನ್ವಯಿಸದು. ಗುರುತಿನ ಚೀಟಿ ಕೈಯಲ್ಲಿರಬೇಕು. ಖಾಸಗಿ ಬಸ್ಸುಗಳ ದರ ಹಬ್ಬದ ಮುಂಚೆ, ಶುಕ್ರವಾರ ರಾತ್ರಿ ಏರುವುದನ್ನು ಎಲ್ಲರೂ ಕಂಡಿದ್ದಾರೆ. ಬುಧವಾರ ಹೋಗಿ ಗುರುವಾರ ಬರುವವನಿಗೆ ಅರ್ಧಕ್ಕರ್ಧ ಉಳಿದರೂ ಆಶ್ಚರ್ಯವಿಲ್ಲ. ಸ್ಲೀಪರ್ ಬಸ್ಸಿನಲ್ಲಿ ಮಲಗುವುದು ಸುಖವೆಂದು ಯುವಕರು ಹೇಳುತ್ತಾರೆ. ಆದರೆ ಘಾಟಿಯ ತಿರುವುಗಳಲ್ಲಿ ಹಿಂದಿನ ಮೇಲಿನ ಹಾಸಿಗೆಯಲ್ಲಿ ಮಲಗಿ ನೋಡಿದವರು ಎರಡನೆಯ ಬಾರಿ ಆ ಜಾಗ ಕೇಳುವುದಿಲ್ಲ. ವಾಂತಿಯ ತೊಂದರೆ ಇರುವವರಿಗೆ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಕೆಳಗಿನ ಸ್ಥಳವೇ ಉತ್ತಮ.

ಬಸ್ಸಿನ ದೊಡ್ಡ ಕೊರತೆ ಶೌಚಾಲಯದ್ದು. ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು ಸಂಕೋಚದಿಂದ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಟ್ಟು ಬಸ್ಸು ಹತ್ತುತ್ತಾರೆ. ಇದು ಬಹಳ ಕೆಟ್ಟ ಅಭ್ಯಾಸ. ಇಂಥವರಿಗೆ ನಾವು ರೈಲನ್ನೇ ಹೇಳುತ್ತೇವೆ.

ರೈಲಿನ ವಿಚಾರದಲ್ಲಿ ನಮ್ಮ ಕಡೆಯವರಿಗೆ ಒಂದು ಬಗೆಯ ಅಭಿಮಾನವಿದೆ, ಅದಕ್ಕೆ ಕಾರಣವೂ ಇದೆ. ಮಂಗಳೂರಿಗೆ 1907ರಲ್ಲೇ ರೈಲು ಬಂದರೂ ಅದು ಮಲಬಾರಿನ ಕಡೆಯಿಂದ ಬಂದದ್ದು. ಬೆಂಗಳೂರಿನಿಂದ ಮಂಗಳೂರಿಗೆ ರೈಲಿನಲ್ಲೇ ಬರಬೇಕೆಂದರೆ ಪಾಲಕ್ಕಾಡು ಸುತ್ತಬೇಕಿತ್ತು. ಹಾಸನ–ಮಂಗಳೂರು ಮೀಟರ್ ಗೇಜ್ ಹಾದಿ ಪೂರ್ಣವಾದದ್ದು 1979ರಲ್ಲಿ. ಘಟ್ಟದ ಭಾಗ ಸುಮಾರು 55 ಕಿಲೋಮೀಟರ್, ಅದರಲ್ಲಿ 57 ಸುರಂಗಗಳು, ಐವತ್ತು ಅಡಿಗೆ ಒಂದಡಿ ಏರು. ಹಳಿಯನ್ನು ಅಗಲ ಮಾಡುವುದಕ್ಕೆಂದು 1996ರಲ್ಲಿ ಮುಚ್ಚಿದ ಹಾದಿಯಲ್ಲಿ ಜನರು ಮತ್ತೆ ಪ್ರಯಾಣಿಸಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ! 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳದ ಹಾದಿ ತೆರೆದ ಮೇಲೆ ಹಾಸನದವರೆಗಿನ ದೂರವೂ ಇಳಿಯಿತು. ಆದರೂ ಕೆಲವು ರೈಲುಗಳು ಮೈಸೂರು ಸುತ್ತಿ ಬರುತ್ತವೆ. ಟಿಕೇಟು ಮಾಡಿಸುವಾಗ ಯಾವ ಹಾದಿಯದೆಂದು ಕೇಳಿಕೊಳ್ಳಿ. ಮೈಸೂರಿನಲ್ಲಿ ಕೆಲಸವಿದ್ದವರಿಗೆ ಅದೇ ಒಳ್ಳೆಯದು, ಉಳಿದವರಿಗೆ ಕೆಲವು ಗಂಟೆ ನಷ್ಟ.

ಘಟ್ಟದಲ್ಲಿ ರೈಲು ನಿಧಾನ. ಹತ್ತುವಾಗ ಹಿಂದಿನಿಂದ ನೂಕಲು ಹೆಚ್ಚಿನ ಇಂಜಿನು ಜೋಡಿಸಬೇಕಾಗುತ್ತದೆ. ಹಾಗಾಗಿ ಬಸ್ಸಿಗಿಂತ ಎರಡು ಮೂರು ಗಂಟೆ ಹೆಚ್ಚು ಎಂದೇ ಲೆಕ್ಕ ಹಾಕಿ. ಆದರೆ ಸಮನಾಗಿ ಮಲಗಿ, ಬೇಕಾದಾಗ ಎದ್ದು ಓಡಾಡಿ ಹೋಗಬಹುದು, ಖರ್ಚೂ ಕಡಿಮೆ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚಿಯಲ್ಲಿ ನಿಂತುಹೋಯಿತು. ಅದನ್ನು ನಂಬಿ ಕೌಂಟರಿನಲ್ಲಿ ವಾದಿಸಬೇಡಿ. ಉಳಿದಿರುವ ಸೌಲಭ್ಯವೆಂದರೆ 60 ತುಂಬಿದ ಗಂಡಸರಿಗೆ, 45 ತುಂಬಿದ ಹೆಂಗಸರಿಗೆ ಲಭ್ಯವಿದ್ದರೆ ಕೆಳಗಿನ ಬರ್ತು. ಇದು ಒಬ್ಬರು ಅಥವಾ ಇಬ್ಬರು ಹಿರಿಯರ ಟಿಕೇಟಿಗೆ ಮಾತ್ರ. ನಾಲ್ಕು ಹಿರಿಯರನ್ನು ಒಂದೇ ಟಿಕೇಟಿಗೆ ಸೇರಿಸಿದರೆ ಈ ಸೌಲಭ್ಯ ಕಳೆದುಕೊಂಡಂತೆ. ಮುಂಗಡ ಟಿಕೇಟು 2024ರ ನವೆಂಬರಿನಿಂದ 60 ದಿನ ಮುಂಚೆ ತೆರೆಯುತ್ತದೆ, ಹಿಂದಿನಂತೆ 120 ಅಲ್ಲ. ತತ್ಕಾಲ್ ಟಿಕೇಟಿಗೆ 2025ರ ಜುಲೈಯಿಂದ ಆಧಾರ್ ದೃಢೀಕರಣ ಬೇಕು. ತೋಟದಲ್ಲಿ ನಿಂತು ಮೊಬೈಲಿಗೆ ಬರುವ ಸಂಖ್ಯೆಗೆ ಕಾಯುವವರು ಮೊದಲು ಗುಡ್ಡದ ತುದಿಗೆ ಹೋಗುವುದು ಒಳಿತು, ಎರಡು ನಿಮಿಷದಲ್ಲಿ ಬರ್ತುಗಳೆಲ್ಲ ಮುಗಿದಿರುತ್ತವೆ.

ವಿಮಾನದ ಬಗ್ಗೆ ನಮ್ಮ ಸದಸ್ಯರಲ್ಲಿ ಎರಡು ತಪ್ಪು ತಿಳುವಳಿಕೆಗಳಿವೆ: ಅದು ಶ್ರೀಮಂತರಿಗೆ ಮಾತ್ರ ಎಂಬುದು ಒಂದು, ಒಂದೇ ಗಂಟೆಯಲ್ಲಿ ಬೆಂಗಳೂರು ಎಂಬುದು ಇನ್ನೊಂದು. ವಾರಗಳ ಮುಂಚೆ ಕೊಂಡರೆ ದರ ಒಮ್ಮೊಮ್ಮೆ ಒಳ್ಳೆಯ ಬಸ್ಸಿಗೆ ಹತ್ತಿರವಿರುತ್ತದೆ. ಆದರೆ ಹಾರುವುದು ಒಂದು ಗಂಟೆಯಾದರೂ ಪುತ್ತೂರಿನ ಬೆಳೆಗಾರರೊಬ್ಬರ ಲೆಕ್ಕ ನೋಡಿ. ಮನೆಯಿಂದ ಬಜ್ಪೆಗೆ ಎರಡು ಗಂಟೆ, ಅಲ್ಲಿ ಮುಂಚಿತವಾಗಿ ಕಾಯಲು ಒಂದೂವರೆ ಗಂಟೆ, ಹಾರಾಟ ಒಂದು ಗಂಟೆ, ದೇವನಹಳ್ಳಿಯಲ್ಲಿ ಇಳಿದು ಸಾಮಾನು ಪಡೆದು ಪೇಟೆ ಸೇರಲು ಎರಡು ಗಂಟೆ. ಒಟ್ಟು ಆರೂವರೆ. ಬಸ್ಸಿಗೂ ಇದಕ್ಕೂ ಉಳಿತಾಯ ಒಂದೆರಡು ಗಂಟೆ ಮಾತ್ರ, ಬಾಡಿಗೆ ಕಾರಿನ ಹಣ ಬೇರೆ. ಸಕಲೇಶಪುರದವರು ಬೆಂಗಳೂರಿಗೆ ಹೋಗಲು ಬಜ್ಪೆಗೆ ಇಳಿಯುವುದಂತೂ ಹಾಸ್ಯವೇ ಸರಿ. ವಿಮಾನ ನಿಜವಾಗಿ ಉಪಯೋಗಕ್ಕೆ ಬರುವುದು ಎರಡು ಸಂದರ್ಭಗಳಲ್ಲಿ: ಘಟ್ಟಗಳೆಲ್ಲ ಕೆಟ್ಟಾಗ, ಮತ್ತು ಕುಳಿತು ಹೋಗಬಲ್ಲ ರೋಗಿಗೆ ಎಂಟು ಗಂಟೆ ಕುಲುಕಾಟ ಕೂಡದೆಂದು ವೈದ್ಯರು ಹೇಳಿದಾಗ. ಮಂಜು ಮಳೆಗೆ ವಿಮಾನವೂ ತಡವಾಗಬಹುದೆಂಬುದು ನೆನಪಿರಲಿ. ಎಲೆ ಅಡಿಕೆಯ ಚೀಲದಲ್ಲಿರುವ ಅಡಕತ್ತರಿಯನ್ನು ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಅಜ್ಜನ ಕಾಲದ್ದಾದರೆ ಮನೆಯಲ್ಲೇ ಬಿಟ್ಟು ಹೋಗಿ. ನೆಂಟರಿಗೆಂದು ಒಣ ಕೊಬ್ಬರಿಯನ್ನೂ ಒಯ್ಯಬೇಡಿ, ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ವಸ್ತುವೆಂದು ವಿಮಾನದವರು ಅದನ್ನು ಒಪ್ಪುವುದಿಲ್ಲ.

ಘಟ್ಟದ ಮೇಲಿನ ಸದಸ್ಯರು ಚಿಕಿತ್ಸೆಗಾಗಿ ಮಂಗಳೂರು, ಮಣಿಪಾಲದ ಕಡೆ ಇಳಿಯುವುದು ರೂಢಿ. ಮೇಲಿನ ಮಾತುಗಳೆಲ್ಲ ಅವರಿಗೂ ಸಲ್ಲುತ್ತವೆ. ಮಳೆಗಾಲದಲ್ಲಿ ಹೆರಿಗೆಯ ದಿನ ಹತ್ತಿರವಿರುವವರು ಘಾಟಿಯ ಆಚೆಯ ಆಸ್ಪತ್ರೆಯನ್ನು ನಂಬಿ ಕೂರದೆ, ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಮೊದಲೇ ತೋರಿಸಿಟ್ಟಿರಬೇಕು. ಔಷಧ, ಆಸ್ಪತ್ರೆಯ ಕಾಗದ, ಒಂದು ಬಾಟಲಿ ನೀರು, ಟಾರ್ಚು – ಇವು ಯಾವ ವಾಹನದಲ್ಲಾದರೂ ತೊಡೆಯ ಮೇಲಿನ ಚೀಲದಲ್ಲಿರಲಿ, ಡಿಕ್ಕಿಯಲ್ಲಲ್ಲ. ಇನ್ಸುಲಿನ್ ಒಯ್ಯುವವರಿಗೆ ಇದನ್ನು ಎರಡು ಬಾರಿ ಹೇಳುತ್ತೇವೆ.

ನಿಲ್ದಾಣಗಳ ಹೆಸರಿನಲ್ಲಿ ಗೊಂದಲವಾಗುವುದುಂಟು. ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇರುವುದು ನೆಟ್ಟಣದಲ್ಲಿ, ಕುಕ್ಕೆಯಲ್ಲಲ್ಲ. ಸರಿರಾತ್ರಿಯಲ್ಲಿ ಇಳಿಯುವವರು ಆಟೋ ಅಥವಾ ಮನೆಯ ಜೀಪಿಗೆ ಮೊದಲೇ ಹೇಳಿಟ್ಟಿರಬೇಕು. ಪುತ್ತೂರಿನವರು ಕಬಕ ಪುತ್ತೂರು ಎಂದು ಬರೆಸಬೇಕು. ಮಂಗಳೂರಿಗೆ ಜಂಕ್ಷನ್ ಬೇರೆ, ಸೆಂಟ್ರಲ್ ಬೇರೆ. ಪೇಟೆಯ ಮಧ್ಯದಲ್ಲಿರುವುದು ಸೆಂಟ್ರಲ್. ಕಾರವಾರಕ್ಕೆ ಹೋಗುವ ರಾತ್ರಿ ರೈಲೊಂದು ಮಂಗಳೂರಿನ ಎರಡೂ ನಿಲ್ದಾಣಗಳನ್ನು ಮುಟ್ಟದೆ ಪಡೀಲಿನ ಮೂಲಕ ಸುರತ್ಕಲ್ ಕಡೆ ತಿರುಗುತ್ತದೆ. ನಮ್ಮ ಸದಸ್ಯರೊಬ್ಬರು ಮಂಗಳೂರು ಬರಲಿ ಎಂದು ಮಲಗಿದ್ದು, ಎಚ್ಚರವಾದಾಗ ಉಡುಪಿ ದಾಟಿತ್ತಂತೆ. ಆ ರೈಲು ಹತ್ತಿದವರು ಬಂಟ್ವಾಳದಲ್ಲೇ ಇಳಿದು ಬಿ.ಸಿ. ರೋಡಿನಿಂದ ಬಸ್ಸು ಹಿಡಿಯುವುದು ಸುಲಭ.